ಕೂಸು ಹುಟ್ಟುವ ಮುಂಚೆ ಕುಲಾವಿ: ಬಿಎಸ್ಸಿ ಮಕ್ಕಳಿಂದ ಸಂಶೋಧನಾ ಪ್ರಸ್ತಾವ ಬರೆಸುವುದು

‘ತುಂಗಭದ್ರಾ ಅಚ್ಚುಕಟ್ಟು ಪ್ರದೇಶದ ಮಣ್ಣಿನ ಲವಣಾಂಶ ಮತ್ತು ಭತ್ತದ ಬೆಳೆಯ ಮೇಲೆ ಅದರ ಪರಿಣಾಮ: ಒಂದು ಅಧ್ಯಯನ.’

ಕೊನೆಯ ವರ್ಷದ ಸಸ್ಯಶಾಸ್ತ್ರದ ಮಕ್ಕಳಿಗೆ ಪ್ರಾಜೆಕ್ಟ್ ಪ್ರಸ್ತಾವ ಬರೆದು ತನ್ನಿ ಎಂದರೆ ಬರುವುದು ಇಂಥ ಶೀರ್ಷಿಕೆಯೇ. ಬಾಲದಲ್ಲಿ ಆ ‘ಒಂದು ಅಧ್ಯಯನ’ ಇದ್ದೇ ಇರುತ್ತದೆ. ವಿಷಯವೇನೋ ಒಳ್ಳೆಯದೇ. ಸಿಂಧನೂರು, ಗಂಗಾವತಿ ಕಡೆ ಕಾಲುವೆ ನೀರು ಹರಿದ ಮೇಲೆ ಅಂತರ್ಜಲ ಮೇಲೇರಿ, ನೀರು ಆವಿಯಾಗಿ, ಉಪ್ಪು ಮೇಲ್ಮಣ್ಣಿನಲ್ಲೇ ಉಳಿದು ಸವಳು-ಜವಳಾದ ಹೊಲಗಳು ಬೇಕಾದಷ್ಟಿವೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಉಪ್ಪು ಮಣ್ಣಿನ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ಉಪ್ಪು ತಾಳುವ ‘ಗಂಗಾವತಿ ಸೋನಾ’ ಎಂಬ ಭತ್ತದ ತಳಿಯೂ ಬಂದಿದೆ. ಆದರೆ ಆ ಶೀರ್ಷಿಕೆ ಬಸ್ಸಿನ ಬೋರ್ಡಿನ ಹಾಗೆ. ಯಾವ ಕಡೆ ಹೊರಟಿದೆ ಎಂದು ಹೇಳುತ್ತದೆ, ಎಲ್ಲಿ ಇಳಿಯಬೇಕೆಂದು ಹೇಳುವುದಿಲ್ಲ. ಮಕ್ಕಳು ಇಬ್ಬರು, ಇನ್‌ಕ್ಯುಬೇಟರ್ ಒಂದು. ಹದಿನಾರು ವಾರದ ಸೆಮಿಸ್ಟರಿನಲ್ಲಿ ಇಂಟರ್ನಲ್ಸ್, ರಜೆ, ಕಾಲೇಜು ಉತ್ಸವ ಎಲ್ಲ ಕಳೆದರೆ ನಿಜವಾಗಿ ಕೈಗೆ ಸಿಗುವುದು ಹತ್ತು ವಾರ. ಅಷ್ಟರಲ್ಲಿ ಅಚ್ಚುಕಟ್ಟು ಪ್ರದೇಶವನ್ನು ಅಳೆಯಲಾಗದು. ಮೂವತ್ತಾರು ಪೆಟ್ರಿ ಪ್ಲೇಟುಗಳನ್ನು (ಬೀಜ ಮೊಳೆಯಿಸುವ, ಮುಚ್ಚಳವಿರುವ ಚಪ್ಪಟೆ ಬಟ್ಟಲುಗಳನ್ನು) ಅಳೆಯಬಹುದು.

ಈ ಬರಹ ಆ ಮೂವತ್ತಾರು ಪ್ಲೇಟುಗಳವರೆಗೆ ಇಳಿದು ಬರುವುದು ಹೇಗೆ ಎಂಬುದರ ಬಗ್ಗೆ. ಉದಾಹರಣೆಗೆ ಭತ್ತ ಮತ್ತು ಉಪ್ಪನ್ನೇ ಕೊನೆಯವರೆಗೂ ಇಟ್ಟುಕೊಳ್ಳುತ್ತೇನೆ. ಉಪಕರಣ ಕಡಿಮೆ ಬೇಕು, ಎರಡು ವಾರಕ್ಕೆ ಒಂದು ಸುತ್ತು ಮುಗಿಯುತ್ತದೆ, ತಪ್ಪು ಮಾಡಲು ಜಾಗ ಧಾರಾಳವಾಗಿದೆ.

ಮೊದಲ ಅಡ್ಡಿ ಪ್ರಾಕ್ಟಿಕಲ್ ರೆಕಾರ್ಡಿನ ಅಭ್ಯಾಸ. ಪಿಯುಸಿಯಿಂದ ಮಕ್ಕಳು ಮಾಡಿದ ಪ್ರತಿ ಪ್ರಯೋಗಕ್ಕೂ ಉತ್ತರ ಮೊದಲೇ ಗೊತ್ತಿರುತ್ತದೆ. ಲೋಲಕದಿಂದ ಗುರುತ್ವ ವೇಗೋತ್ಕರ್ಷ 9.8 ಬರಲೇಬೇಕು, ಬರದಿದ್ದರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆಯುವ ಕಲೆ ಎಲ್ಲರಿಗೂ ಕರಗತ. ಅದರಲ್ಲಿ ಮಕ್ಕಳ ತಪ್ಪು ಕಡಿಮೆ, ಸರಿಯುತ್ತರಕ್ಕೆ ಅಂಕ ಕೊಟ್ಟವರು ನಾವು. ಪ್ರಸ್ತಾವ ಬರೆಸುವುದೆಂದರೆ ಈ ಅಭ್ಯಾಸವನ್ನು ಬಿಡಿಸುವುದು. ಉತ್ತರ ಗೊತ್ತಿಲ್ಲದಿರುವಾಗಲೇ ಯಾವ ಉತ್ತರ ಬಂದರೆ ಏನು ತೀರ್ಮಾನಿಸುತ್ತೇವೆ ಎಂದು ಬರೆದು ಸಹಿ ಹಾಕುವುದು.

ಅದಕ್ಕೆ ಮೊದಲ ತರಗತಿಯಲ್ಲಿ ಉಪ್ಪನ್ನೂ ಭತ್ತವನ್ನೂ ತರದೆ ಒಂದು ಆಟ ಆಡಿಸಬಹುದು. ಮನಃಶಾಸ್ತ್ರಜ್ಞ ಪೀಟರ್ ವೇಸನ್ 1960ರಲ್ಲಿ ಪ್ರಕಟಿಸಿದ್ದು. ಬೋರ್ಡಿನ ಮೇಲೆ 2, 4, 6 ಎಂದು ಬರೆಯಿರಿ. ‘ಇವು ನನ್ನ ಮನಸ್ಸಿನಲ್ಲಿರುವ ಒಂದು ನಿಯಮಕ್ಕೆ ಹೊಂದುತ್ತವೆ. ನೀವು ಬೇರೆ ಮೂರು ಸಂಖ್ಯೆ ಹೇಳಿ, ಹೊಂದುತ್ತದೋ ಇಲ್ಲವೋ ಎಂದಷ್ಟೇ ಹೇಳುತ್ತೇನೆ. ನಿಯಮ ಗೊತ್ತಾಯಿತು ಅನಿಸಿದಾಗ ಹೇಳಿ.’ 8, 10, 12 ಎಂದು ಬರುತ್ತದೆ. ಹೌದು. 20, 22, 24. ಹೌದು. 100, 102, 104. ಹೌದು. ‘ಎರಡೆರಡು ಹೆಚ್ಚುವ ಸಮಸಂಖ್ಯೆ, ಸರ್!’ ತಪ್ಪು. ನಿಯಮ ಇಷ್ಟೇ: ಮೂರೂ ಏರುತ್ತಾ ಹೋಗಬೇಕು. 1, 2, 3 ಹೇಳಿ ನೋಡಿದ್ದರೆ, 3, 8, 71 ಹೇಳಿ ನೋಡಿದ್ದರೆ ತಮ್ಮ ಊಹೆ ಬೀಳುತ್ತಿತ್ತು. ಆದರೆ ಊಹೆ ಬೀಳಿಸುವ ಪ್ರಶ್ನೆಯನ್ನು ಕೇಳಲು ಮನಸ್ಸು ಬರುವುದೇ ಇಲ್ಲ. ಹದಿನೈದು ನಿಮಿಷದ ಈ ಆಟ ‘ವೈಜ್ಞಾನಿಕ ವಿಧಾನದ ಏಳು ಹಂತಗಳು’ ಎಂಬ ಸ್ಲೈಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆ ಸ್ಲೈಡನ್ನು ತೋರಿಸದಿದ್ದರೂ ನಷ್ಟವಿಲ್ಲ; ಯಾರೂ ಆ ಹಂತಗಳನ್ನು ಆ ಕ್ರಮದಲ್ಲಿ ಹತ್ತುವುದಿಲ್ಲ.

ಇನ್ನು ಉಪ್ಪಿಗೆ ಬರೋಣ. ಮಕ್ಕಳು ಬರೆದು ತರುವ ಮೊದಲ ಊಹೆ (ಪಠ್ಯದಲ್ಲಿ ಪ್ರಾಕ್ಕಲ್ಪನೆ, ತರಗತಿಯಲ್ಲಿ ಹೈಪಾಥಿಸಿಸ್): ‘ಉಪ್ಪಿನ ಪ್ರಮಾಣ ಹೆಚ್ಚಿದಂತೆ ಭತ್ತ ಮೊಳೆಯುವುದು ಕಡಿಮೆಯಾಗುತ್ತದೆ.’ ಇದು 8, 10, 12 ಇದ್ದ ಹಾಗೆ. ‘ಹೌದು’ ಎನ್ನುವ ಉತ್ತರ ಬರುವುದು ಖಚಿತ, ಬಂದ ಮೇಲೆ ಹೊಸದೇನೂ ತಿಳಿಯುವುದಿಲ್ಲ. ಆಗ ಮೇಷ್ಟ್ರು ಕೇಳಬೇಕಾದ ಪ್ರಶ್ನೆ ಒಂದೇ: ಯಾಕೆ ಕಡಿಮೆಯಾಗುತ್ತದೆ? ಎರಡು ಉತ್ತರ ಬರುವವರೆಗೆ ಬಿಡಬಾರದು.

ಒಂದನೆಯದು ಎಲ್ಲರಿಗೂ ಹೊಳೆಯುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರಲ್ಲ, ಬೀಜದ ಪಾಡು ತಿರುಗುಮುರುಗು. ಉಪ್ಪಿರುವಲ್ಲಿ ಅದು ನೀರು ಕುಡಿಯಲಾರದು. ಹೊರಗಿನ ದ್ರಾವಣದ ಸಾಂದ್ರತೆ ಆಸ್ಮಾಸಿಸನ್ನು, ಅಂದರೆ ನೀರು ಒಳಗಿಳಿಯುವುದನ್ನು, ತಡೆಯುತ್ತದೆ; ಬೀಜ ನೆನೆಯುವುದಿಲ್ಲ. ಎರಡನೆಯದು ಸ್ವಲ್ಪ ಹೊತ್ತು ಬಿಟ್ಟು ಹಿಂದಿನ ಬೆಂಚಿನಿಂದ ಬರಬಹುದು: ಸೋಡಿಯಂ, ಕ್ಲೋರೈಡ್ ಒಳಗೆ ಹೋಗಿ ವಿಷವಾಗುತ್ತವೆ. ಈಗ ಎರಡು ಊಹೆಗಳು ಎದುರುಬದುರು ನಿಂತವು. ಇವೆರಡನ್ನೂ ಬೇರ್ಪಡಿಸುವ ಪ್ರಯೋಗ ಯಾವುದು? ಸೋಡಿಯಂ ಇಲ್ಲದ, ಆದರೆ ನೀರನ್ನು ಅಷ್ಟೇ ಬಿಗಿಯಾಗಿ ಹಿಡಿದಿಡುವ ಇನ್ನೊಂದು ದ್ರಾವಣ ಬೇಕು. ಮ್ಯಾನಿಟಾಲ್ ಸಾಕು. ಅದು ಸಕ್ಕರೆಯ ಬಳಗದ್ದು, ಅಯಾನುಗಳಾಗಿ ಒಡೆಯುವುದಿಲ್ಲ. ಸೋಡಿಯಂ ಕ್ಲೋರೈಡ್ ಒಡೆದು ಎರಡಾಗುವುದರಿಂದ ಅದರ ಸುಮಾರು ಎರಡರಷ್ಟು ಮೋಲಾರ್ (ಲೀಟರಿಗೆ ಎಷ್ಟು ಮೋಲ್ ಎಂಬ ಲೆಕ್ಕ) ಮ್ಯಾನಿಟಾಲ್ ಬೇಕಾಗುತ್ತದೆ. ಸರಿಯಾಗಿ ಎರಡರಷ್ಟಲ್ಲ, ಸ್ವಲ್ಪ ಕಡಿಮೆ: 160 ಮಿಲಿಮೋಲಾರ್ ಉಪ್ಪಿಗೆ 300 ಮಿಲಿಮೋಲಾರ್ ಮ್ಯಾನಿಟಾಲ್ ಹತ್ತಿರದ ಜೋಡಿ. ಅಚ್ಚುಕಟ್ಟು ಪ್ರದೇಶ ಈಗ ಒಂದು ಪ್ರಶ್ನೆಯಾಯಿತು: ಭತ್ತ ಮೊಳೆಯುವುದನ್ನು ಉಪ್ಪು ತಡೆಯುವುದು ನೀರು ಸಿಗದಂತೆ ಮಾಡಿಯೋ, ಅಯಾನುಗಳ ವಿಷದಿಂದಲೋ?

ಇಲ್ಲಿಗೆ ಬಂದ ಕೂಡಲೇ ಮಕ್ಕಳು ಪೀಠಿಕೆ ಬರೆಯಲು ಕೂರುತ್ತಾರೆ. ‘ಭಾರತ ಕೃಷಿ ಪ್ರಧಾನ ದೇಶ...’ ಪೆನ್ನು ಕಿತ್ತುಕೊಳ್ಳಬೇಕಾದ ಗಳಿಗೆ ಇದೇ.

ಮೊದಲು ಬರೆಯಬೇಕಾದದ್ದು ಖಾಲಿ ಕೋಷ್ಟಕ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ನಮ್ಮಲ್ಲಿ ಆತುರಗಾರರನ್ನು ಹಂಗಿಸುತ್ತಾರೆ. ಸಂಶೋಧನೆಯಲ್ಲಿ ಮಾತ್ರ ಕುಲಾವಿಯೇ ಮೊದಲು. ಒಂದು ಬಿಳಿ ಹಾಳೆ, ಪೆನ್ಸಿಲ್, ಸ್ಕೇಲು. ಎಡಕ್ಕೆ ದ್ರಾವಣಗಳ ಹೆಸರು, ಮೇಲೆ ಪ್ಲೇಟ್ 1, 2, 3, 4, ಕೊನೆಗೆ ಸರಾಸರಿ. ಎಡಗಡೆಯ ಸಾಲುಗಳನ್ನು ತುಂಬಲು ಹೊರಟರೆ ತೀರ್ಮಾನಗಳು ತಾವಾಗಿ ಬಂದು ಕೂರುತ್ತವೆ. ಎಷ್ಟು ಸಾಂದ್ರತೆಗಳು? ಯಾವುವು? ಯಾಕೆ ಅವೇ? ಮಣ್ಣಿನ ಸಾರದ ವಿದ್ಯುತ್ ವಾಹಕತೆ (ಉಪ್ಪು ಹೆಚ್ಚಿದಷ್ಟೂ ಇದು ಹೆಚ್ಚುತ್ತದೆ) ಮೀಟರಿಗೆ 4 ಡೆಸಿಸೀಮನ್ಸ್ ದಾಟಿದರೆ ಅದನ್ನು ಲವಣ ಮಣ್ಣು ಎನ್ನುತ್ತಾರೆ; ಉಪ್ಪಿನ ದ್ರಾವಣದಲ್ಲಿ ಅದು ಹೆಚ್ಚುಕಡಿಮೆ 40 ಮಿಲಿಮೋಲಾರ್. ಹಾಗಾಗಿ 0, 40, 80, 120, 160. ಇದು ‘ಯಾವುದೋ ಪೇಪರಿನಲ್ಲಿ ಹಾಗೆ ಹಾಕಿದ್ದರು’ ಎನ್ನುವುದಕ್ಕಿಂತ ಗಟ್ಟಿ ಕಾರಣ. ಮ್ಯಾನಿಟಾಲ್ ಅದಕ್ಕೆ ಜೋಡಿಯಾಗಿ 75, 150, 225, 300. ನೀರಿನ ಸಾಲು ಎರಡಕ್ಕೂ ಒಂದೇ. ಒಟ್ಟು ಒಂಬತ್ತು ಸಾಲು, ಸಾಲಿಗೆ ನಾಲ್ಕು ಪ್ಲೇಟು, ಪ್ಲೇಟಿಗೆ 25 ಬೀಜ: 36 ಪ್ಲೇಟು, 900 ಬೀಜ.

ಎರಡನೇ ಹಾಳೆಯಲ್ಲಿ ಖಾಲಿ ಗ್ರಾಫ್. ಅದರ ಮೇಲೆ ಎರಡೂ ಊಹೆಗಳು ಏನು ಹೇಳುತ್ತವೆ ಎಂದು ಗೆರೆ ಎಳೆಸಿ. ನೀರಿನ ಕೊರತೆ ಮಾತ್ರ ಕಾರಣವಾದರೆ ಉಪ್ಪಿನ ಗೆರೆ, ಮ್ಯಾನಿಟಾಲ್ ಗೆರೆ ಒಂದರ ಮೇಲೊಂದು ಬೀಳಬೇಕು. ವಿಷವೂ ಸೇರಿದರೆ ಉಪ್ಪಿನ ಗೆರೆ ಕೆಳಗೆ. ಮಕ್ಕಳು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಎರಡು ಗೆರೆ ಇದ್ದಾಗ ಮೂರು ಸಾಧ್ಯತೆ ಇರುತ್ತದೆ: ಮ್ಯಾನಿಟಾಲ್ ಗೆರೆಯೇ ಕೆಳಗಿದ್ದರೆ? ಅಂದರೆ ವಿಷ ಎಂದುಕೊಂಡದ್ದರಲ್ಲೇ ಬೀಜ ಚೆನ್ನಾಗಿ ಮೊಳೆತರೆ? ಇದೇನೂ ತಮಾಷೆಯ ಪ್ರಶ್ನೆಯಲ್ಲ, ಹಲವು ಬೀಜಗಳಲ್ಲಿ ಕಾಣುವ ಫಲಿತಾಂಶ. ಬೀಜ ಒಂದಿಷ್ಟು ಸೋಡಿಯಂ, ಕ್ಲೋರೈಡನ್ನು ಒಳಗೆಳೆದುಕೊಂಡು ತನ್ನೊಳಗಿನ ಸಾಂದ್ರತೆಯನ್ನು ಏರಿಸಿಕೊಂಡರೆ, ಆ ಬಲದಿಂದಲೇ ನೀರನ್ನು ಎಳೆಯಬಲ್ಲದು. ಮ್ಯಾನಿಟಾಲ್ ಅಷ್ಟು ಸುಲಭವಾಗಿ ಒಳಹೋಗುವುದಿಲ್ಲ, ಹಾಗಾಗಿ ಆ ಉಪಾಯ ಅಲ್ಲಿ ನಡೆಯದು. ಮೂರನೇ ಗೆರೆಯನ್ನು ಪ್ರಯೋಗಕ್ಕೆ ಮುಂಚೆಯೇ ಎಳೆದವರಿಗೆ ಅದು ಫಲಿತಾಂಶ. ಎಳೆಯದವರಿಗೆ ಅದು ‘ಎರರ್’. ಪ್ಲೇಟು ಬದಲಾಗಿರಬೇಕು ಎಂದು ಡೇಟಾವನ್ನು ಬಿಸಾಡುತ್ತಾರೆ. ಖಾಲಿ ಹಾಳೆಗೆ ಇಷ್ಟೊಂದು ಹಟ ಹಿಡಿಯುವುದಕ್ಕೆ ನನಗೆ ಬೇರೆ ಕಾರಣ ಬೇಕಿಲ್ಲ.

ಇನ್ನೊಂದು ಅಂಕಣವನ್ನೂ ಆ ಕೋಷ್ಟಕವೇ ಕೇಳುತ್ತದೆ. ಮೊಳೆಯದ ಬೀಜ ಸತ್ತಿದೆಯೋ, ಸುಮ್ಮನಿದೆಯೋ? ಏಳನೇ ದಿನ ಮೊಳೆಯದವನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ಸಲ ತೊಳೆದು, ಹೊಸ ಪೇಪರಿನ ಮೇಲೆ ಬರೀ ನೀರು ಹಾಕಿ ಇನ್ನೇಳು ದಿನ ಇಟ್ಟರೆ ತಿಳಿಯುತ್ತದೆ. ನೀರಿನ ಕೊರತೆಯಿಂದ ನಿಂತದ್ದು ಎದ್ದು ಬರುತ್ತದೆ, ವಿಷ ತಗುಲಿದ್ದು ಏಳುವುದಿಲ್ಲ. ಒಂದೇ ಪ್ರಶ್ನೆಗೆ ಎರಡನೇ ಸಾಕ್ಷಿ, ಖರ್ಚು ಬರೀ ಫಿಲ್ಟರ್ ಪೇಪರ್.

ವಿಧಾನ ಬರೆಯುವಾಗ

ವಿಧಾನದ ಭಾಗದಲ್ಲಿ ಮಕ್ಕಳು ‘ಬೀಜಗಳನ್ನು ಸೂಕ್ತ ಪ್ರಮಾಣದ ಲವಣ ದ್ರಾವಣದಲ್ಲಿ ಇರಿಸಿ ಮೊಳಕೆಯ ಪ್ರಮಾಣವನ್ನು ಗಮನಿಸಲಾಯಿತು’ ಎಂದು ಬರೆಯುತ್ತಾರೆ. ಇನ್ನೂ ನಡೆಯದ ಪ್ರಯೋಗಕ್ಕೆ ಭೂತಕಾಲ! ರೆಕಾರ್ಡಿನ ಭಾಷೆ ಬೆರಳಿಗೆ ಅಂಟಿಕೊಂಡಿರುತ್ತದೆ. ‘ಇಡುತ್ತೇವೆ, ಎಣಿಸುತ್ತೇವೆ’ ಎಂದು ಬರೆಸಿ. ಯಾರು, ಯಾವಾಗ, ಎಷ್ಟು ಎಂಬ ಪ್ರಶ್ನೆಗಳು ಅಲ್ಲಿಂದಲೇ ಏಳುತ್ತವೆ. ‘ಸೂಕ್ತ’ ಎಂಬ ಪದ ಕಂಡಲ್ಲೆಲ್ಲ ಕೆಂಪು ಸುತ್ತು ಹಾಕಿ.

ದ್ರಾವಣದಿಂದ ಶುರು ಮಾಡೋಣ. ಸೋಡಿಯಂ ಕ್ಲೋರೈಡಿನ ಮೋಲಾರ್ ತೂಕ 58.44. 160 ಮಿಲಿಮೋಲಾರ್ ಎಂದರೆ ಲೀಟರಿಗೆ 9.35 ಗ್ರಾಂ, ಕಾಲು ಲೀಟರಿಗೆ 2.34. ಮ್ಯಾನಿಟಾಲಿನದು 182.17, 300 ಮಿಲಿಮೋಲಾರಿಗೆ ಲೀಟರಿಗೆ 54.65, ಕಾಲು ಲೀಟರಿಗೆ 13.66 ಗ್ರಾಂ. ಈ ಕಾಲು ಲೀಟರ್ ಸ್ಟಾಕಿನಿಂದಲೇ ಉಳಿದೆಲ್ಲವೂ: 75 ಮಿ.ಲೀ. ಸ್ಟಾಕಿಗೆ 25 ನೀರು, 50ಕ್ಕೆ 50, 25ಕ್ಕೆ 75, ಮತ್ತೆ 100 ಹಾಗೆಯೇ. 250 ಮಿ.ಲೀ. ಪೂರ್ತಿ ಖರ್ಚಾಗಿ ನಾಲ್ಕೂ ಸಾಂದ್ರತೆ ನೂರು ನೂರು ಮಿ.ಲೀ. ಸಿದ್ಧ. ಒಂದೊಂದನ್ನೂ ಬೇರೆಬೇರೆ ತೂಗಿದರೆ ಏನು? 40 ಮಿಲಿಮೋಲಾರ್ 100 ಮಿ.ಲೀ.ಗೆ 0.23 ಗ್ರಾಂ ತೂಗಬೇಕು, 0.01 ಗ್ರಾಂ ತೋರಿಸುವ ತಕ್ಕಡಿಯಲ್ಲಿ ಒಂದು ಅಂಕ ಆಚೀಚೆಯಾದರೆ ಶೇ 4ರಷ್ಟು ತಪ್ಪು. 2.34 ತೂಗುವಾಗ ಅದೇ ತಪ್ಪು ಶೇ ಅರ್ಧವೂ ಅಲ್ಲ. ಅಡುಗೆ ಉಪ್ಪು ಬೇಡ, ಅದರಲ್ಲಿ ಅಯೋಡಿನ್ ಜೊತೆಗೆ ಗಂಟುಕಟ್ಟದಂತೆ ಬೆರೆಸಿದ ವಸ್ತುಗಳೂ ಇರುತ್ತವೆ. ಮ್ಯಾನಿಟಾಲ್ ದ್ರಾವಣವನ್ನು ಪ್ರತಿ ಸುತ್ತಿಗೂ ಹೊಸದಾಗಿ ಮಾಡಬೇಕು. ಸೂಕ್ಷ್ಮಜೀವಿಗಳಿಗೆ ಅದು ಊಟ.

ಬೀಜದ ವಿಚಾರದಲ್ಲಿ ಪ್ರಸ್ತಾವಗಳು ಸಾಮಾನ್ಯವಾಗಿ ‘ಭತ್ತದ ಬೀಜ’ ಎಂದಷ್ಟೇ ಹೇಳುತ್ತವೆ. ಯಾವ ತಳಿ, ಯಾವ ಸುಗ್ಗಿಯದು, ಎಲ್ಲಿಂದ ತಂದದ್ದು? ಬಿಪಿಟಿ 5204, ಒಂದೇ ಲಾಟ್, ಕಟಾವಿನ ತಿಂಗಳು ಇಂಥದ್ದು ಎಂದು ಬರೆದರೆ ಸರಿ. ಹೊಸದಾಗಿ ಕೊಯ್ದ ಭತ್ತಕ್ಕೆ ಸುಪ್ತಾವಸ್ಥೆ ಇರಬಹುದು; ಡಿಸೆಂಬರಿನಲ್ಲಿ ಕೊಯ್ದದ್ದನ್ನು ಜನವರಿಯಲ್ಲಿ ಮೊಳೆಯಿಸಲು ಹೋದರೆ ನೀರಿನ ಪ್ಲೇಟಿನಲ್ಲೇ ಏಳದೆ, ತಪ್ಪೆಲ್ಲ ಉಪ್ಪಿನ ತಲೆಗೆ ಬರುತ್ತದೆ. ಆದ್ದರಿಂದ ಮೊದಲು ಬರೀ ನೀರಿನಲ್ಲಿ ನೂರು ಬೀಜದ ಪೂರ್ವಪರೀಕ್ಷೆ. ಪ್ರಮಾಣಿತ ಬೀಜಕ್ಕೆ ನಮ್ಮಲ್ಲಿರುವ ಕನಿಷ್ಠ ಮಟ್ಟ ಶೇ 80. ಅದಕ್ಕಿಂತ ಕಡಿಮೆ ಬಂದರೆ ಆ ಲಾಟ್ ಬೇಡ ಎಂದು ಪ್ರಸ್ತಾವದಲ್ಲೇ ಬರೆದಿಡಬೇಕು. ಜೊಳ್ಳು ತೆಗೆಯಲು ರೈತರು ಉಪ್ಪುನೀರಿನಲ್ಲಿ ತೇಲಿಸುತ್ತಾರೆ, ಮಕ್ಕಳೂ ಮನೆಯ ರೂಢಿಯಂತೆ ಅದನ್ನೇ ಬರೆಯುತ್ತಾರೆ. ಉಪ್ಪಿನ ಪ್ರಯೋಗಕ್ಕೆ ಉಪ್ಪಿನಲ್ಲಿ ಮಿಂದ ಬೀಜ! ಇಲ್ಲಿ ಸಾದಾ ನೀರಿನಲ್ಲೇ ತೇಲಿಸಲಿ. ಆಮೇಲೆ ಶೇ 1ರ ಹೈಪೋಕ್ಲೋರೈಟಿನಲ್ಲಿ ಹತ್ತು ನಿಮಿಷ, ಐದು ಸಲ ತೊಳೆತ. ಇದನ್ನು ಬಿಟ್ಟರೆ ನಾಲ್ಕನೇ ದಿನಕ್ಕೆ ಪ್ಲೇಟಿನ ತುಂಬ ಬೂಸ್ಟು, ಅದೂ ಮ್ಯಾನಿಟಾಲ್ ಪ್ಲೇಟುಗಳಲ್ಲೇ ಮೊದಲು. ಆಗ ಉಪ್ಪಿನ ಬದಲು ಬೂಸ್ಟನ್ನು ಅಳೆದಂತಾಗುತ್ತದೆ. ಐದಕ್ಕಿಂತ ಹೆಚ್ಚು ಬೀಜಕ್ಕೆ ಬೂಸ್ಟು ಹಿಡಿದ ಪ್ಲೇಟನ್ನು ಲೆಕ್ಕದಿಂದ ಬಿಡುತ್ತೇವೆ ಎಂಬ ನಿಯಮವನ್ನು ಮೊದಲೇ ಬರೆಯಬೇಕು. ಆಮೇಲೆ ಬರೆದರೆ ಇಷ್ಟವಾಗದ ಪ್ಲೇಟಿಗೇ ಬೂಸ್ಟು ಕಾಣುತ್ತದೆ.

9 ಸೆಂ.ಮೀ. ಪ್ಲೇಟು, ಎರಡು ಫಿಲ್ಟರ್ ಪೇಪರ್, 5 ಮಿ.ಲೀ. ದ್ರಾವಣ, ಉಷ್ಣತೆ 30 ಡಿಗ್ರಿ. ಈ 5 ಮಿ.ಲೀ. ಒಂದು ಕಥೆಯೇ. 40 ಮಿಲಿಮೋಲಾರ್ ಪ್ಲೇಟಿನಿಂದ 1 ಮಿ.ಲೀ. ಆವಿಯಾದರೆ ಅದು 50 ಆಯಿತು. ಪ್ಲೇಟು ಒಣಗಿದಂತೆ ಕಂಡಾಗ ಮಕ್ಕಳು ಅದೇ ಬಾಟಲಿಯ ಉಪ್ಪುನೀರನ್ನು ಮತ್ತೆ ಸುರಿಯುತ್ತಾರೆ; ಆವಿಯಾದದ್ದು ನೀರು ಮಾತ್ರ, ಉಪ್ಪು ಅಲ್ಲೇ ಇದೆ, ಅದರ ಮೇಲೆ ಇನ್ನಷ್ಟು ಉಪ್ಪು. ಐದನೇ ದಿನಕ್ಕೆ ಯಾವ ಪ್ಲೇಟಿನಲ್ಲಿ ಎಷ್ಟು ಸಾಂದ್ರತೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಪ್ಲೇಟುಗಳನ್ನು ಪಾಲಿಥೀನ್ ಚೀಲದಲ್ಲಿ ಮುಚ್ಚಿಡುವುದು, ಶುರುವಿನ ತೂಕ ಬರೆದಿಟ್ಟು ದಿನವೂ ತೂಗಿ ಕಡಿಮೆಯಾದಷ್ಟು ಡಿಸ್ಟಿಲ್ಡ್ ವಾಟರ್ ಸೇರಿಸುವುದು, ಇವೆರಡು ಸಾಲು ವಿಧಾನದಲ್ಲಿ ಇರಲೇಬೇಕು. ಹಾಗೆಂದು ಮೊದಲೇ 15 ಮಿ.ಲೀ. ಸುರಿದರೆ ಬೀಜ ಮುಳುಗುತ್ತದೆ. ಮುಳುಗಿ ಗಾಳಿ ಸಿಗದ ಭತ್ತದಲ್ಲಿ ಬೇರಿಗಿಂತ ಮೊದಲು ಬಿಳಿಯ ಎಲೆಪೊರೆ ಮೇಲಕ್ಕೆ ಚಾಚುತ್ತದೆ. ಒಬ್ಬಳು ಅದನ್ನು ಮೊಳಕೆ ಎಂದು ಎಣಿಸುತ್ತಾಳೆ, ಇನ್ನೊಬ್ಬ ಎಣಿಸುವುದಿಲ್ಲ. ಹಾಗಾಗಿ ‘ಮೊಳಕೆ’ ಎಂದರೇನೆಂದು ಬರೆಯಬೇಕು: ಮೊಳಕೆಬೇರು 2 ಮಿ.ಮೀ. ಹೊರಬಂದಿದ್ದರೆ ಮೊಳೆತಿದೆ.

ಎಣಿಸುವುದು ದಿನವೂ ಒಂದೇ ಹೊತ್ತಿಗೆ. ಇಲ್ಲಿ ಬರುವ ತೊಡಕು ವಿಜ್ಞಾನದ್ದಲ್ಲ, ಅಟೆಂಡರ್ ಕೈಯಲ್ಲಿರುವ ಬೀಗದ ಕೈಯದು. ಭಾನುವಾರ ಲ್ಯಾಬ್ ತೆರೆಯುವುದಿಲ್ಲ. ಸೋಮವಾರ ಇಟ್ಟರೆ 6ನೇ ದಿನ ಮತ್ತು 13ನೇ ದಿನ ಮಾತ್ರ ಭಾನುವಾರಕ್ಕೆ ಬೀಳುತ್ತವೆ; 7 ಮತ್ತು 14 ಸೋಮವಾರ. ಗುರುವಾರ ಇಟ್ಟರೆ 3ನೇ ದಿನವೇ ಭಾನುವಾರ, ಮೊಳಕೆ ಭರದಿಂದ ಒಡೆಯುವ ಹೊತ್ತಿಗೆ ಎಣಿಕೆ ಇಲ್ಲ. ಕ್ಯಾಲೆಂಡರ್ ಮುಂದಿಟ್ಟುಕೊಂಡು ವೇಳಾಪಟ್ಟಿ ಬರೆದವರಿಗೂ ‘ಮೊದಲ ತಿಂಗಳು: ಸಾಹಿತ್ಯ ಸಮೀಕ್ಷೆ, ಎರಡನೇ ತಿಂಗಳು: ಪ್ರಯೋಗ’ ಎಂದು ಬರೆದವರಿಗೂ ಇರುವ ವ್ಯತ್ಯಾಸ ಇಂಥಲ್ಲಿ ಕಾಣುತ್ತದೆ.

ಪ್ಲೇಟುಗಳನ್ನು ಎಲ್ಲಿಡುತ್ತೀರಿ ಎಂದು ಕೇಳಿದರೆ ‘ಇನ್‌ಕ್ಯುಬೇಟರಿನಲ್ಲಿ’ ಎಂಬ ಉತ್ತರ ಬರುತ್ತದೆ. ಮೇಲಿನ ತಟ್ಟೆಯಲ್ಲಿ ಉಪ್ಪು, ಕೆಳಗಿನ ತಟ್ಟೆಯಲ್ಲಿ ಮ್ಯಾನಿಟಾಲ್ ಎಂದು ಅಚ್ಚುಕಟ್ಟಾಗಿ ಜೋಡಿಸುವುದು ಒಳ್ಳೆಯ ಮಕ್ಕಳ ಸ್ವಭಾವ. ಆದರೆ ಮೇಲಿನ ತಟ್ಟೆ ಒಂದು ಡಿಗ್ರಿ ಬಿಸಿಯಿದ್ದರೆ ಆ ಡಿಗ್ರಿಯ ಪರಿಣಾಮ, ಉಪ್ಪಿನ ಪರಿಣಾಮ ಎರಡೂ ಕಲಸಿಹೋಗುತ್ತವೆ. 1ರಿಂದ 36 ಚೀಟಿ ಬರೆದು ಲಾಟರಿ ಎತ್ತಿ ಜಾಗ ಕೊಡಬೇಕು, ತಟ್ಟೆಗಳ ಜಾಗವನ್ನು ದಿನವೂ ಬದಲಿಸಬೇಕು. ಪ್ಲೇಟಿನ ಮೇಲೆ ಚೀಟಿಯ ಸಂಖ್ಯೆ ಮಾತ್ರ ಇರಲಿ. ಯಾವ ಸಂಖ್ಯೆಯಲ್ಲಿ ಯಾವ ದ್ರಾವಣ ಎಂಬ ಪಟ್ಟಿ ಎಣಿಸುವವರ ಕೈಯಲ್ಲಿ ಇರಬಾರದು. 2 ಮಿ.ಮೀ. ಆಗಿದೆಯೋ ಇಲ್ಲವೋ ಎಂಬ ಅನುಮಾನದ ಬೀಜ ‘160’ ಎಂದು ಬರೆದ ಪ್ಲೇಟಿನಲ್ಲಿದ್ದರೆ ಕಣ್ಣು ತಾನಾಗಿ ‘ಇಲ್ಲ’ ಎನ್ನುತ್ತದೆ.

ಎಣಿಕೆಯ ಸಂಖ್ಯೆಯ ಬಗ್ಗೆ ಒಂದು ದೊಡ್ಡ ಗೊಂದಲವಿದೆ. ನಾಲ್ಕು ಪ್ಲೇಟು, ಪ್ಲೇಟಿಗೆ 25. ಹಾಗಾದರೆ ಮಾದರಿಯ ಗಾತ್ರ 100 ಅಲ್ಲವೇ ಎಂದು ಮಕ್ಕಳು ಕೇಳುತ್ತಾರೆ. ಅಲ್ಲ, 4. ದ್ರಾವಣ ಹಾಕಿದ್ದು ಪ್ಲೇಟಿಗೆ. ಒಂದೇ ಪ್ಲೇಟಿನ 25 ಬೀಜ ಒಂದೇ ಪೇಪರ್, ಒಂದೇ ಬೂಸ್ಟು, ಒಂದೇ ಆವಿಯಾಗುವಿಕೆಯ ಪಾಲುದಾರರು. ಇದನ್ನು ಮರೆತು ಬೀಜಗಳನ್ನೇ ರೆಪ್ಲಿಕೇಟ್ (ಪ್ರಯೋಗದ ಸ್ವತಂತ್ರ ಪುನರಾವರ್ತನೆ) ಎಂದು ಲೆಕ್ಕ ಹಾಕುವುದಕ್ಕೆ ಪರಿಸರವಿಜ್ಞಾನಿ ಸ್ಟುವರ್ಟ್ ಹರ್ಲ್‌ಬರ್ಟ್ 1984ರಲ್ಲಿ ಸ್ಯೂಡೊರೆಪ್ಲಿಕೇಷನ್ ಎಂದು ಹೆಸರಿಟ್ಟರು. ಪ್ರಕಟವಾದ ಪೇಪರುಗಳಲ್ಲೂ ಸಿಗುತ್ತದೆ, ಹುಡುಕಿ ತರಲು ಹೇಳಿ, ಮಕ್ಕಳಿಗೆ ಖುಷಿ.

ಹಾಗೆಯೇ ಪ್ರಯೋಗ ಎಷ್ಟು ಚಿಕ್ಕ ವ್ಯತ್ಯಾಸವನ್ನು ಹಿಡಿಯಬಲ್ಲದು ಎಂದೂ ಮೊದಲೇ ಹೇಳಬೇಕು. ಅರ್ಧದಷ್ಟು ಮೊಳೆಯುವ ಪ್ಲೇಟಿನಲ್ಲಿ 25 ಬೀಜಕ್ಕೆ ಬರೀ ಅದೃಷ್ಟದ ಏರುಪೇರೇ 10 ಪ್ರತಿಶತ ಅಂಕ. ನಾಲ್ಕು ಪ್ಲೇಟಿನ ಸರಾಸರಿಗೆ 5. ಎರಡು ಸರಾಸರಿಗಳ ವ್ಯತ್ಯಾಸಕ್ಕೆ ಸುಮಾರು 7. ಅದರ ಎರಡರಷ್ಟನ್ನು ದಾಟಿದರೆ ಮಾತ್ರ ನಂಬಬಹುದು ಎಂದಿಟ್ಟುಕೊಂಡರೆ, ಉಪ್ಪಿಗೂ ಮ್ಯಾನಿಟಾಲಿಗೂ ನಡುವೆ 15 ಅಂಕದಷ್ಟು ಅಂತರ ಬೇಕು. 5 ಅಂಕದ ಅಂತರ ಕಂಡು ‘ಅಯಾನುಗಳ ವಿಷ ಸಾಬೀತಾಯಿತು’ ಎಂದು ಬರೆಯುವ ಆಸೆಗೆ ಈ ಸಾಲು ಮೂಗುದಾರ. ‘ಸಾಬೀತು’ ಎಂಬ ಪದವನ್ನೇ ನಾನಾದರೆ ಪ್ರಸ್ತಾವದಿಂದ ಗಡಿಪಾರು ಮಾಡುತ್ತೇನೆ. ಅನೋವಾ, ಪಿ-ಮೌಲ್ಯದಂಥ ಸಂಖ್ಯಾಶಾಸ್ತ್ರದ ಲೆಕ್ಕಗಳೆಲ್ಲ ಬರಲಿ, ಆದರೆ ಮೊದಲು ನಾಲ್ಕೂ ಪ್ಲೇಟಿನ ನಾಲ್ಕು ಚುಕ್ಕೆ ಗ್ರಾಫಿನಲ್ಲಿ ಕಾಣಬೇಕು. ಸರಾಸರಿಯ ಕಂಬಗಳು ಏನೇನನ್ನೋ ಮುಚ್ಚಿಡುತ್ತವೆ.

ಪೀಠಿಕೆ, ಬಜೆಟ್, ಮಿಕ್ಕದ್ದು

ಇಷ್ಟಾದ ಮೇಲೆ ಹಿನ್ನೆಲೆ. ಲಿಟರೇಚರ್ ರಿವ್ಯೂ ಎನ್ನುವುದನ್ನು ‘ಸಾಹಿತ್ಯ ವಿಮರ್ಶೆ’ ಎಂದು ಅನುವಾದಿಸಿ, ಬಾಟನಿ ಮಕ್ಕಳನ್ನು ಕನ್ನಡ ಎಂಎ ತರಗತಿಗೆ ಕಳಿಸಿದಂತೆ ಮಾಡಿದ್ದೇವೆ. ಬೇಕಾದದ್ದು ಐದು ಪೇಪರ್. ಒಂದೊಂದಕ್ಕೆ ಎರಡೇ ವಾಕ್ಯ: ಇವರು ಏನು ಕಂಡರು, ಏನನ್ನು ಬಿಟ್ಟರು. ಎರಡನೇ ವಾಕ್ಯ ಬರೆಯಲು ಪೇಪರ್ ಓದಲೇಬೇಕಾಗುತ್ತದೆ. ಚಾಟ್‌ಬಾಟ್ ಕೊಟ್ಟ ಪಟ್ಟಿಯಲ್ಲಿ ಎಲ್ಲೂ ಇಲ್ಲದ ಪೇಪರುಗಳು ಇರುವುದುಂಟು. ಪ್ರತಿಯೊಂದರ ಡಿಒಐ (ಪೇಪರಿನ ಕಾಯಂ ಆನ್‌ಲೈನ್ ಗುರುತು) ತೆರೆದು ಮೊದಲ ಪುಟವನ್ನು ತೋರಿಸಲಿ. ಯುಜಿಸಿಯ 2018ರ ಕೃತಿಚೌರ್ಯ ತಡೆ ನಿಯಮದಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂಬುದನ್ನು ಮಕ್ಕಳು ‘ಶೇ 10 ಕದಿಯಬಹುದು’ ಎಂದು ಓದಿಕೊಂಡಿರುತ್ತಾರೆ, ಪದ ಬದಲಿಸಿ ಸಾಫ್ಟ್‌ವೇರನ್ನು ದಾಟುವ ವಿದ್ಯೆಯೂ ಬಲ್ಲರು. ಎರಡು ವಾಕ್ಯದ ಪದ್ಧತಿಯಲ್ಲಿ ಅದಕ್ಕೆ ಜಾಗವೇ ಕಡಿಮೆ.

ಹಿನ್ನೆಲೆಯಲ್ಲಿ ಬರಲೇಬೇಕಾದ ಒಂದು ಸಂಗತಿಯಿದೆ. ಮೊಳೆಯುವ ಹಂತದಲ್ಲಿ ಭತ್ತ ಉಪ್ಪನ್ನು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಸೋಲುವುದು ಎಳೆ ಸಸಿಯಾಗಿದ್ದಾಗ ಮತ್ತು ಹೂ ಬಿಡುವಾಗ. ಅಂದರೆ ಈ 36 ಪ್ಲೇಟುಗಳಿಂದ ಸಿಂಧನೂರಿನ ರೈತನಿಗೆ ಯಾವ ತಳಿ ಬಿತ್ತಬೇಕೆಂದು ಹೇಳಲಾಗದು. ಇದನ್ನು ಮಿತಿ ಎಂಬ ಭಾಗದಲ್ಲಿ ನೇರವಾಗಿ ಬರೆದ ಪ್ರಸ್ತಾವದ ಮೇಲೆ ನಂಬಿಕೆ ಹೆಚ್ಚುತ್ತದೆ. ‘ಈ ಸಂಶೋಧನೆಯಿಂದ ರೈತರಿಗೆ ಬಹಳ ಉಪಯೋಗವಾಗುತ್ತದೆ’ ಎಂಬ ಕೊನೆಯ ಸಾಲನ್ನು ಅಳಿಸಲು ಮಾತ್ರ ಮಕ್ಕಳು ಒಪ್ಪುವುದಿಲ್ಲ, ಜಗಳವಾಡಬೇಕು.

ಬಜೆಟ್ ಎಂದರೆ ದುಡ್ಡಿಗಿಂತ ಮುಂಚೆ ಲೆಕ್ಕ. ಪ್ಲೇಟಿಗೆ ಎರಡರಂತೆ 72 ಪೇಪರ್, ತೊಳೆದು ಮತ್ತೆ ಇಡುವಾಗ ಇನ್ನು 72. ಎರಡು ಸುತ್ತಿಗೆ 288, ಅಂದರೆ ನೂರರ ಮೂರು ಪ್ಯಾಕ್. ಮ್ಯಾನಿಟಾಲ್ ಎರಡು ಸುತ್ತಿಗೆ 27.3 ಗ್ರಾಂ, ಚೆಲ್ಲಿದ್ದು, ತಪ್ಪಿದ್ದು ಸೇರಿ 100 ಗ್ರಾಂ ಬಾಟಲಿ ಸಾಕು. ‘ಕೆಮಿಕಲ್ಸ್ ಮತ್ತು ಗ್ಲಾಸ್‌ವೇರ್: 10,000’ ಎಂಬ ಸಾಲು ಕಂಡರೆ ಅವರು ಪ್ರಯೋಗವನ್ನು ಮನಸ್ಸಿನಲ್ಲೂ ಒಮ್ಮೆ ನಡೆಸಿ ನೋಡಿಲ್ಲ ಎಂದರ್ಥ.

ಉದ್ದ ನಾಲ್ಕು ಪುಟ ದಾಟಬಾರದು. ಬರೆಯುವ ಕ್ರಮ ಓದುವ ಕ್ರಮಕ್ಕೆ ಉಲ್ಟಾ: ಕೋಷ್ಟಕ ಮತ್ತು ಗ್ರಾಫ್, ವಿಧಾನ, ಮುನ್ನೋಟ (ಯಾವ ಗೆರೆ ಬಂದರೆ ಏನು ತೀರ್ಮಾನ), ಮಿತಿ, ಹಿನ್ನೆಲೆ, 150 ಪದದ ಸಾರಾಂಶ, ಎಲ್ಲಕ್ಕಿಂತ ಕೊನೆಗೆ ಶೀರ್ಷಿಕೆ. 50 ಅಂಕವಿದ್ದರೆ ಕೋಷ್ಟಕ-ಮುನ್ನೋಟಕ್ಕೆ 15, ವಿಧಾನಕ್ಕೆ 15, ಪ್ರಶ್ನೆ ಮತ್ತು ಎದುರಾಳಿ ಊಹೆಗೆ 10 ಇಡಿ. ಹಿನ್ನೆಲೆಗೂ ಭಾಷೆಗೂ ಐದೈದು. ಹಿನ್ನೆಲೆಗೆ 20 ಇಟ್ಟರೆ ನಕಲಿಗೇ 20 ಇಟ್ಟಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಉಳಿದೆರಡು ರಾಷ್ಟ್ರೀಯ ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಫೆಲೋಶಿಪ್ಪಿನ ಅರ್ಜಿಗೆ ಒಂದು ಪುಟ್ಟ ಬರಹ ಬೇಕಾಗುತ್ತದಲ್ಲ, ಈ ಸಾರಾಂಶ ಬರೆದು ಪಳಗಿದವರು ಅಲ್ಲಿ ‘ನನಗೆ ಚಿಕ್ಕಂದಿನಿಂದ ವಿಜ್ಞಾನವೆಂದರೆ ಆಸಕ್ತಿ’ ಎಂದು ಶುರು ಮಾಡುವುದಿಲ್ಲ.

ತಿದ್ದುವ ಕೆಲಸವನ್ನೆಲ್ಲ ಮೇಷ್ಟ್ರೇ ಹೊತ್ತುಕೊಳ್ಳಬೇಕಾಗಿಲ್ಲ. ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯನ್ನು ಕರೆದು ವಿಧಾನದ ಪುಟವನ್ನು ಮಾತ್ರ ಕೈಗೆ ಕೊಡಿ, ಇದನ್ನು ನೋಡಿಕೊಂಡು ಒಂದೇ ಒಂದು ಪ್ಲೇಟು ಸಿದ್ಧ ಮಾಡು ಎನ್ನಿ. ಬರೆದವರು ಪಕ್ಕದಲ್ಲಿ ನಿಲ್ಲಬೇಕು, ಬಾಯಿ ಬಿಡಬಾರದು. ಜೂನಿಯರ್ ಕೇಳುವ ಪ್ರತಿ ಪ್ರಶ್ನೆಯನ್ನೂ ಅಂಚಿನಲ್ಲಿ ಬರೆದುಕೊಳ್ಳಬೇಕು. ಪೇಪರ್ ಹಾಕಿದ ಮೇಲೆ ದ್ರಾವಣವೋ, ಬೀಜವೋ ಮೊದಲು? ಬೀಜಗಳ ನಡುವೆ ಎಷ್ಟು ಜಾಗ ಬಿಡಲಿ? ಮುಚ್ಚಳದ ಮೇಲೆ ಬರೆಯಲೋ, ತಳದ ಮೇಲೋ? (ತಳದ ಮೇಲೆ. ಎಣಿಸುವಾಗ ಮುಚ್ಚಳಗಳು ಅದಲುಬದಲಾಗುತ್ತವೆ.) ಹತ್ತು ನಿಮಿಷದಲ್ಲಿ ಹತ್ತು ಹನ್ನೆರಡು ಪ್ರಶ್ನೆ ಬರುವುದು ಮಾಮೂಲು, ಆ ಅಂಚಿನ ಬರಹವೇ ಎರಡನೇ ಕರಡು.